ಮಿಸ್ ಪ್ಲಿಮ್ಸಾಲ್ ಈ ಮೊಕದ್ದಮೆಗೆ ಬೇಕಿತ್ತೇ?

ಕೊನೆಯ ಸಾಲು

ಬಿಲ್ಲಿ ವೈಲ್ಡರ್ ನಿರ್ದೇಶನದ ‘ವಿಟ್ನೆಸ್ ಫಾರ್ ದಿ ಪ್ರಾಸಿಕ್ಯೂಷನ್’ (1957) ಚಿತ್ರವನ್ನು ಕಳೆದ ವಾರ ಮೂರನೆಯ ಸಲ ನೋಡಿದೆ. ಮೂರು ಸಲವೂ ಒಂದೇ ಜಾಗದಲ್ಲಿ ತಾಳ್ಮೆ ಕೆಟ್ಟಿತು. ಲೆನರ್ಡ್ ವೋಲ್ ಎಂಬ ಯುವಕ ಕೊಲೆ ಆರೋಪ ಹೊತ್ತು ವಕೀಲರ ಕಚೇರಿಗೆ ಬಂದಿದ್ದಾನೆ. ಅಪರಾಧ ಸಾಬೀತಾದರೆ ಗಲ್ಲು. ಆ ಹೊತ್ತಿನಲ್ಲಿ ನಮಗೆ ತೋರಿಸುವುದೇನು? ಹೃದಯಾಘಾತವಾಗಿ ಆಗಷ್ಟೇ ಆಸ್ಪತ್ರೆಯಿಂದ ಬಂದ ವಕೀಲ ಸರ್ ವಿಲ್ಫ್ರಿಡ್ ಮತ್ತು ಅವರ ದಾದಿ ಮಿಸ್ ಪ್ಲಿಮ್ಸಾಲ್ ಚುರುಟು, ಕೋಕೋ, ಚುಚ್ಚುಮದ್ದು, ಮಧ್ಯಾಹ್ನದ ನಿದ್ದೆ ಎಂದು ಜಗಳವಾಡುವುದನ್ನು.

ನನ್ನ ವಾದ ನೇರವಾಗಿದೆ. ಈ ದಾದಿ ಕೊಲೆಯನ್ನು ಕಂಡವಳಲ್ಲ, ಸಾಕ್ಷಿ ಹೇಳುವವಳಲ್ಲ, ಯಾವ ಸುಳಿವನ್ನೂ ಹುಡುಕಿಕೊಡುವವಳಲ್ಲ. ಅಗಾಥಾ ಕ್ರಿಸ್ಟಿ 1925ರಲ್ಲಿ ಬರೆದ ಮೂಲ ಕಥೆಯಲ್ಲಿ ಅವಳಿಲ್ಲ. 1953ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದ ಕ್ರಿಸ್ಟಿಯವರದೇ ನಾಟಕದಲ್ಲೂ ಅವಳಿಲ್ಲ. ಅಲ್ಲಿ ಸರ್ ವಿಲ್ಫ್ರಿಡ್‌ಗೆ ಕಾಯಿಲೆಯೂ ಇಲ್ಲ. ಆದರೂ ನಾಟಕ ಗೆದ್ದಿತು. ಒಂದು ಪಾತ್ರವನ್ನು ತೆಗೆದರೂ ಕಥೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ನ್ಯಾಯಾಲಯದ ಚಿತ್ರ ಬಿಗಿಯಾದ ಕಟ್ಟಡವಿದ್ದಂತೆ, ಅದರಲ್ಲಿ ಅಲಂಕಾರಕ್ಕೆ ಕಂಬ ನಿಲ್ಲಿಸಬಾರದು.

ಬೇಡಿಕೆ ಒಂದೇ: ಕೊನೆಯ ತಿರುವನ್ನು ಯಾರೂ ಬಿಟ್ಟುಕೊಡಬೇಡಿ.

ತುಂಗಾತೀರ

ನನ್ನ ಮತ ಪ್ಲಿಮ್ಸಾಲ್‌ಗೆ. ಎಲ್ಸಾ ಲಾಂಚೆಸ್ಟರ್ ಆ ಕೀರಲು ದನಿಯಲ್ಲಿ ಗದರಿಸುವುದನ್ನು ಕೇಳಲೆಂದೇ ನಾನು ಚಿತ್ರ ನೋಡುತ್ತೇನೆ.

ಕೊನೆಯ ಸಾಲು

ನಟನೆ ಬೇರೆ, ಪಾತ್ರದ ಅಗತ್ಯ ಬೇರೆ. ಲಾಂಚೆಸ್ಟರ್ ಅದ್ಭುತ ನಟಿ, ಅದರಲ್ಲಿ ತಕರಾರಿಲ್ಲ. ಚಿನ್ನದ ಬಾಗಿಲೆಂದು ಗೋಡೆಯಿಲ್ಲದ ಕಡೆ ನಿಲ್ಲಿಸಲಾಗುತ್ತದೆಯೇ?

ಹಳೆಯ ಟಾಕೀಸು

ಒಂದೆರಡು ಸಂಗತಿಗಳನ್ನು ಸೇರಿಸುತ್ತೇನೆ. ಸರ್ ವಿಲ್ಫ್ರಿಡ್ ಆಗಿ ನಟಿಸಿದ ಚಾರ್ಲ್ಸ್ ಲಾಟನ್ ಮತ್ತು ಎಲ್ಸಾ ಲಾಂಚೆಸ್ಟರ್ ನಿಜಜೀವನದಲ್ಲಿ ಗಂಡ ಹೆಂಡತಿ. 1929ರಲ್ಲಿ ಮದುವೆಯಾದವರು. 1933ರ ಎಂಟನೆಯ ಹೆನ್ರಿಯ ಚಿತ್ರದಲ್ಲಿ ಲಾಟನ್ ರಾಜ, ಲಾಂಚೆಸ್ಟರ್ ಅವನ ನಾಲ್ಕನೆಯ ರಾಣಿ. ಅಲ್ಲಿಯೂ ಇಬ್ಬರ ಜಟಾಪಟಿ ನೋಡಬೇಕು. ಹೀಗೆ ಕಾಲು ಶತಮಾನ ಜೊತೆಗಿದ್ದವರು ಜಗಳವಾಡುವಾಗ ಮಾತಿಗೆ ಮಾತು ಬೀಳುವ ವೇಗವೇ ಬೇರೆ.

ಈ ಚಿತ್ರ ಆರು ಆಸ್ಕರ್ ನಾಮನಿರ್ದೇಶನ ಪಡೆಯಿತು, ಒಂದೂ ದಕ್ಕಲಿಲ್ಲ. ಆ ಆರರಲ್ಲಿ ನಟನೆಗೆ ಸಿಕ್ಕವು ಎರಡೇ: ಲಾಟನ್ ಮತ್ತು ಲಾಂಚೆಸ್ಟರ್. ವೋಲ್ ಆಗಿದ್ದ ಟೈರನ್ ಪವರ್, ಅವನ ಹೆಂಡತಿ ಕ್ರಿಸ್ಟೀನ್ ಆಗಿದ್ದ ಮಾರ್ಲೀನ್ ಡೀಟ್ರಿಚ್ ಇಬ್ಬರಿಗೂ ಇಲ್ಲ. ಪೋಷಕ ನಟಿಯ ಗೋಲ್ಡನ್ ಗ್ಲೋಬ್ ಲಾಂಚೆಸ್ಟರ್ ಅವರಿಗೇ ಬಂದಿತು.

ಕೊನೆಯ ಸಾಲು

ನೀವು ನನ್ನ ವಾದಕ್ಕೇ ಬಲ ಕೊಟ್ಟಿರಿ. ನಟ ದಂಪತಿಗೆ ಜೊತೆಯಾಗಿ ಕೆಲಸ ಸಿಗಲೆಂದು ಕಥೆಯೊಳಗೆ ಜಾಗ ಮಾಡಿದ್ದಾರೆ ಎಂದೇ ನನಗೆ ಅನ್ನಿಸುವುದು.

ಹೊಸ ಓದುಗ

ಇನ್ನೂ ನೋಡಿಲ್ಲ. ಇಷ್ಟು ಓದಿದರೆ ತೊಂದರೆ ಇಲ್ಲವಷ್ಟೆ?

ಹಳೆಯ ಟಾಕೀಸು

ಇಲ್ಲ, ಧೈರ್ಯವಾಗಿ ಓದಿ. ಚಿತ್ರ ಮುಗಿದ ಮೇಲೆ ತೆರೆಯ ಮೇಲಿಂದಲೇ ಒಂದು ದನಿ, ನೋಡದವರಿಗೆ ಅಂತ್ಯ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುತ್ತದೆ. ಆ ಮಾತನ್ನು ಇಲ್ಲಿ ಎಲ್ಲರೂ ಉಳಿಸಿಕೊಳ್ಳುತ್ತಾರೆ ಎಂದು ನಂಬಿದ್ದೇನೆ.

ಕರಿಕೋಟು

ಧಾರವಾಡದಲ್ಲಿ ವಕೀಲಿ ಮಾಡುತ್ತೇನೆ. ‘ಕೊನೆಯ ಸಾಲು’ ಅವರೇ, ನೀವು ಮೊದಲ ಅರ್ಧ ಗಂಟೆಯನ್ನು ಸಿಟ್ಟಿನಲ್ಲಿ ನೋಡಿದ್ದೀರಿ, ಆದ್ದರಿಂದ ಒಂದು ಸರಪಣಿ ನಿಮ್ಮ ಕಣ್ಣು ತಪ್ಪಿದೆ.

ಇಂಗ್ಲೆಂಡಿನ ಪದ್ಧತಿಯಲ್ಲಿ ಕಕ್ಷಿದಾರ ನ್ಯಾಯಾಲಯದಲ್ಲಿ ವಾದಿಸುವ ಬ್ಯಾರಿಸ್ಟರ್ ಬಳಿಗೆ ನೇರವಾಗಿ ಬರುವಂತಿರಲಿಲ್ಲ, ಕೇಸನ್ನು ಸಿದ್ಧಪಡಿಸುವ ವಕೀಲ, ಅಂದರೆ ಸಾಲಿಸಿಟರ್, ಕರೆತರಬೇಕು. ಇಲ್ಲಿ ಮೇಹ್ಯೂ ಎಂಬ ಸಾಲಿಸಿಟರ್ ವೋಲ್‌ನನ್ನು ಕರೆತರುತ್ತಾನೆ. ಸರ್ ವಿಲ್ಫ್ರಿಡ್ ಮೊಕದ್ದಮೆ ಬೇಡವೆನ್ನುತ್ತಾರೆ. ಕ್ರಿಮಿನಲ್ ಕೇಸುಗಳನ್ನು ಮುಟ್ಟಬಾರದೆಂದು ವೈದ್ಯರ ಅಪ್ಪಣೆ, ಕಾವಲಿಗೆ ಪ್ಲಿಮ್ಸಾಲ್. ಮೆಟ್ಟಿಲು ಹತ್ತಿಸುವ ಕುರ್ಚಿಯಲ್ಲಿ ಕುಳಿತು ಮಲಗಲು ಹೊರಟವರಿಗೆ ಮೇಹ್ಯೂನ ಜೇಬಿನಲ್ಲಿ ಚುರುಟು ಕಾಣಿಸುತ್ತದೆ. ಅಲ್ಲಿಂದಲೇ ಎಲ್ಲ ಶುರು. ಸಲಹೆ ಕೊಡುವ ನೆಪದಲ್ಲಿ ಮೇಹ್ಯೂನನ್ನು ಕೋಣೆಗೆ ಎಳೆದುಕೊಂಡು ಬಾಗಿಲು ಹಾಕುತ್ತಾರೆ. ಚುರುಟು ಸಿಕ್ಕಿತು, ಹಚ್ಚಲು ಬೆಂಕಿಯಿಲ್ಲ. ಬೆಂಕಿಗಾಗಿ ವೋಲ್‌ನನ್ನು ಒಳಗೆ ಕರೆಯುತ್ತಾರೆ. ವಕೀಲ ಮತ್ತು ಆರೋಪಿ ಮುಖಾಮುಖಿಯಾಗುವುದೇ ಆ ಬೆಂಕಿಯಿಂದ.

ಪ್ಲಿಮ್ಸಾಲ್ ಚುರುಟು ಕಿತ್ತುಕೊಳ್ಳದಿದ್ದರೆ ಅವರು ಮೇಹ್ಯೂನ ಜೇಬು ನೋಡುತ್ತಲೇ ಇರಲಿಲ್ಲ. ಕೇಸು ಇನ್ನೊಬ್ಬ ವಕೀಲ ಬ್ರೋಗನ್ ಮೂರ್ ಕೈಗೆ ಹೋಗುತ್ತಿತ್ತು. ಅವಳು ಕಂಬವಲ್ಲ, ಒಪ್ಪುತ್ತೇನೆ. ಅವಳು ತಳಪಾಯ.

ಕತ್ತರಿ

‘ಕರಿಕೋಟು’ ಹೇಳಿದ್ದಕ್ಕೆ ನೂರಕ್ಕೆ ನೂರು.

ಕೊನೆಯ ಸಾಲು

ಸರಪಣಿ ಸರಿ, ಅದನ್ನು ಗಮನಿಸಿರಲಿಲ್ಲ. ಆದರೆ ಆ ಕೊಂಡಿಗೆ ಜೀವವಿರುವ ಒಂದು ಪಾತ್ರವೇ ಬೇಕೇ? ವೈದ್ಯರ ಚೀಟಿಯೊಂದು ಸಾಕಿತ್ತು. ‘ಚುರುಟು ನಿಷಿದ್ಧ’ ಎಂದು ಬರೆದ ಚೀಟಿಯನ್ನು ಗುಮಾಸ್ತ ಕಾರ್ಟರ್ ಓದಿದ್ದರೆ ಮುಗಿಯುತ್ತಿತ್ತು.

ಚೆಂಡೆಮದ್ದಳೆ

ಕುಂದಾಪುರದಿಂದ ನಮಸ್ಕಾರ. ಚೀಟಿಯ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ಯಕ್ಷಗಾನದ ಪಟ್ಟಾಭಿಷೇಕ ಪ್ರಸಂಗದಲ್ಲಿ ಮಂಥರೆಯ ಬದಲು ಕೈಕೇಯಿಗೆ ಒಂದು ಓಲೆ ಬಂದಿತೆಂದು ಇಟ್ಟುಕೊಳ್ಳಿ. ‘ನಾಳೆ ರಾಮನಿಗೆ ಪಟ್ಟ, ನಿನ್ನ ಮಗನ ಗತಿಯೇನು?’ ಕಥೆ ಮುಂದೆ ಹೋಗುತ್ತದೆ, ನಿಜ. ರಾಮ ಕಾಡಿಗೂ ಹೋಗುತ್ತಾನೆ. ಆದರೆ ಕೈಕೇಯಿಯ ಮನಸ್ಸು ಹದಗೆಡುವುದನ್ನು ನಾವು ಎಲ್ಲಿ ನೋಡುವುದು? ಮಂಥರೆ ಎದುರಿಗೆ ಕುಳಿತು ಒಂದೊಂದೇ ಮಾತು ಹಾಕಿದಾಗ ತಾನೇ ಒಲ್ಲೆನೆಂದವಳು ಒಲಿಯುವುದು?

ನಮ್ಮ ಮೇಳಗಳಲ್ಲಿ ಮಂಥರೆಯನ್ನು ಹೆಚ್ಚಾಗಿ ಹಾಸ್ಯಗಾರರೇ ಮಾಡುತ್ತಾರೆ. ದೂತ, ದ್ವಾರಪಾಲಕ, ಬಾಹುಕ ಎಲ್ಲ ಅವರವೇ. ಬಣ್ಣದ ವೇಷಕ್ಕಿರುವ ಕಿರೀಟ ಅವರಿಗಿಲ್ಲ, ಆದರೂ ಒಳ್ಳೆಯ ಹಾಸ್ಯಗಾರನಿಲ್ಲದ ಮೇಳವನ್ನು ಯಾರೂ ಆಟಕ್ಕೆ ಕರೆಯುವುದಿಲ್ಲ. ರಾಜನ ಎದುರು ನಿಂತು ರಾಜನ ದೌರ್ಬಲ್ಯವನ್ನು ಸಭೆಗೆ ತೋರಿಸುವ ಹಕ್ಕು ಅವನೊಬ್ಬನಿಗೇ ಇರುತ್ತದೆ. ಪ್ಲಿಮ್ಸಾಲ್ ಮಾಡುವುದೂ ಅದನ್ನೇ. ಇಡೀ ಲಂಡನ್ ನರಿಯೆಂದು ಹೆದರುವ ಬ್ಯಾರಿಸ್ಟರನ್ನು ಅವಳು ತೊಟ್ಟಿಲ ಮಗುವಿನಂತೆ ನಡೆಸಿಕೊಳ್ಳುತ್ತಾಳೆ.

ತುಂಗಾತೀರ

ಮಂಥರೆಯ ಹೋಲಿಕೆ ಸರಿಯಲ್ಲ. ಮಂಥರೆ ಕೆಡಿಸಿದವಳು, ಪ್ಲಿಮ್ಸಾಲ್ ಕಾಪಾಡುವವಳು.

ಚೆಂಡೆಮದ್ದಳೆ

ಕೆಲಸದ ಬಗ್ಗೆ ಹೇಳಿದೆ, ಗುಣದ ಬಗ್ಗೆ ಅಲ್ಲ. ಮಂಥರೆಯೂ ತನ್ನ ಒಡತಿಯನ್ನು ಕಾಪಾಡುತ್ತಿದ್ದೇನೆ ಎಂದೇ ನಂಬಿದ್ದಳು. ಇದನ್ನು ಬೇರೆಯಾಗಿ ಚರ್ಚಿಸೋಣ, ಇಲ್ಲಿ ದಾರಿ ತಪ್ಪುತ್ತದೆ.

ಲಂಡನ್ ಮಳೆ

ನಾನು ನಾಟಕವನ್ನು ನೋಡಿದ್ದೇನೆ. 2017ರಿಂದ ಇಲ್ಲಿನ ಕೌಂಟಿ ಹಾಲ್‌ನ ಹಳೆಯ ಸಭಾಂಗಣದಲ್ಲಿ ಆಡುತ್ತಿದ್ದಾರೆ. ಹಿಂದೆ ಲಂಡನ್ನಿನ ಆಡಳಿತದ ಸಭೆ ಸೇರುತ್ತಿದ್ದ ಜಾಗ. ಮರದ ಆಸನಗಳು, ಎತ್ತರದ ಚಾವಣಿ, ನಿಜವಾದ ನ್ಯಾಯಾಲಯದೊಳಗೆ ಕುಳಿತಂತೆ ಆಗುತ್ತದೆ. ಕೆಲವು ಪ್ರೇಕ್ಷಕರಿಗೆ ಜ್ಯೂರಿಯ ಆಸನಗಳೇ ಸಿಗುತ್ತವೆ.

ಪ್ಲಿಮ್ಸಾಲ್ ಇಲ್ಲವೆಂದು ಆ ಎರಡೂವರೆ ಗಂಟೆಯಲ್ಲಿ ಒಮ್ಮೆಯೂ ಅನ್ನಿಸಲಿಲ್ಲ. ಅಂದರೆ ‘ಕೊನೆಯ ಸಾಲು’ ಹೇಳುವುದು ನಾಟಕದ ಮಟ್ಟಿಗೆ ಪೂರ್ತಿ ಸರಿ. ಆದರೆ ಮನೆಗೆ ಬರುವಾಗ ರೈಲಿನಲ್ಲಿ ಯೋಚಿಸಿದೆ: ಒಗಟು ನೆನಪಿದೆ, ವೋಲ್‌ನ ಹೆಂಡತಿ (ನಾಟಕದಲ್ಲಿ ಅವಳ ಹೆಸರು ರೋಮೇನ್) ನೆನಪಿದ್ದಾಳೆ, ವಕೀಲ ಮಾತ್ರ ನೆನಪಿಲ್ಲ. ಒಳ್ಳೆಯ ನಟರೇ, ಗಟ್ಟಿ ದನಿಯೇ. ಆದರೂ ಅವರು ಕೋಟು ಕಳಚಿದರೆ ಯಾರು ಎಂದು ನನಗೆ ತಿಳಿಯಲಿಲ್ಲ.

ಸಣ್ಣ ತಿದ್ದುಪಡಿ. ನಾಟಕದಲ್ಲಿ ಹಗುರ ಪಾತ್ರವೇ ಇಲ್ಲವೆಂದಲ್ಲ. ಸರ್ ವಿಲ್ಫ್ರಿಡ್ ಕಚೇರಿಯಲ್ಲಿ ಗ್ರೆಟಾ ಎಂಬ ಬೆರಳಚ್ಚುಗಾರ್ತಿ ಇದ್ದಾಳೆ. ಕ್ರಿಸ್ಟಿಗೂ ಬಾಗಿಲಲ್ಲಿ ಒಂದು ನಗೆ ಬೇಕಿತ್ತು.

ಕೊನೆಯ ಸಾಲು

ನಗುವಿನ ಮಾತು ಬಂದದ್ದು ಒಳ್ಳೆಯದಾಯಿತು. ನಗಿಸಲು ಚಿತ್ರದಲ್ಲಿ ಈಗಾಗಲೇ ಜಾನೆಟ್ ಮೆಕೆಂಜಿ ಇದ್ದಾಳೆ. ಕೊಲೆಯಾದ ಮುದುಕಿಯ ಮನೆಗೆಲಸದವಳು, ಕಿವಿ ಮಂದ, ಬಾಯಿ ಜೋರು. ಸರ್ ವಿಲ್ಫ್ರಿಡ್ ದನಿ ತಗ್ಗಿಸಿ ಪ್ರಶ್ನೆ ಕೇಳಿ ಅವಳ ಕಿವಿಯ ಸತ್ಯವನ್ನು ಹೊರಗೆಳೆಯುವುದು ನಗೆಯೂ ಹೌದು, ಸಾಕ್ಷ್ಯವೂ ಹೌದು. ಪೋಷಕ ಪಾತ್ರವೆಂದರೆ ಹೀಗಿರಬೇಕು. ಅವಳು ಬರುತ್ತಾಳೆ, ಮೊಕದ್ದಮೆಯ ತಕ್ಕಡಿ ಅಲುಗುತ್ತದೆ, ಇಳಿದು ಹೋಗುತ್ತಾಳೆ.

ಹಳೆಯ ಟಾಕೀಸು

ಆ ಪಾತ್ರದ ಊನಾ ಓಕಾನರ್ ಬ್ರಾಡ್‌ವೇ ರಂಗದಲ್ಲೂ ಅದನ್ನೇ ಮಾಡಿದ್ದವರು. ಅವರ ಕೊನೆಯ ಚಿತ್ರವೂ ಇದೇ.

ಕತ್ತರಿ

ನಾನು ಸಂಕಲನದ ಕೆಲಸದಲ್ಲಿದ್ದೇನೆ, ಮೇಜಿನ ಕಡೆಯಿಂದ ಮಾತಾಡುತ್ತೇನೆ.

ನ್ಯಾಯಾಲಯದ ದೃಶ್ಯದ ದೊಡ್ಡ ಕಷ್ಟ ಯಾವುದು ಗೊತ್ತೇ? ಯಾರೂ ಕದಲುವುದಿಲ್ಲ. ನ್ಯಾಯಾಧೀಶರು ಕುಳಿತಿದ್ದಾರೆ, ಜ್ಯೂರಿ ಕುಳಿತಿದೆ, ಆರೋಪಿ ಕಟಕಟೆಯಲ್ಲಿ ನಿಂತಿದ್ದಾನೆ. ಹೊರಗಿನ ಬೆಳಕು ಬದಲಾಗುವುದಿಲ್ಲ. ಹೊತ್ತು ಸರಿಯಿತು ಎಂದು ಹೇಗೆ ತೋರಿಸುವುದು? ಗೋಡೆಗಡಿಯಾರ ತೋರಿಸುವುದು ಸವೆದ ದಾರಿ. ವೈಲ್ಡರ್ ತೋರಿಸುವುದು ಗುಳಿಗೆಗಳನ್ನು. ಸರ್ ವಿಲ್ಫ್ರಿಡ್ ತಮ್ಮ ಮುಂದಿನ ಹಲಗೆಯ ಮೇಲೆ ಗುಳಿಗೆಗಳನ್ನು ಸಾಲಾಗಿ ಜೋಡಿಸುತ್ತಾರೆ, ಬೆರಳಿನಿಂದ ಅವುಗಳ ಆಕಾರ ಬದಲಿಸುತ್ತಾರೆ. ಅವು ಒಂದೊಂದಾಗಿ ಕಡಿಮೆಯಾಗುತ್ತವೆ. ಅದೇ ಗಡಿಯಾರ, ಅದೇ ಆ ಮನುಷ್ಯನ ಹೃದಯದ ಲೆಕ್ಕವೂ. ಪಾಟೀಸವಾಲು ಬಿರುಸಾದಾಗ ನಮಗೆ ಎರಡು ಭಯ ಒಟ್ಟಿಗೆ ಆಗುತ್ತವೆ: ವೋಲ್ ಉಳಿಯುತ್ತಾನೆಯೇ, ವಕೀಲರು ಉಳಿಯುತ್ತಾರೆಯೇ.

ಆ ಎರಡನೆಯ ಭಯವನ್ನು ನಮ್ಮೊಳಗೆ ಬಿತ್ತಿದವಳು ಪ್ಲಿಮ್ಸಾಲ್. ಅವಳನ್ನು ಕತ್ತರಿಸಿ ನೋಡಿ, ಗುಳಿಗೆಗಳು ಬರಿಯ ಗುಳಿಗೆಗಳಾಗುತ್ತವೆ. ವೈದ್ಯರ ಚೀಟಿಯಿಂದ ಇದು ಆಗದು. ಚೀಟಿಗೆ ಆತಂಕವಿರುವುದಿಲ್ಲ.

ಜಾನೆಟ್ ತಕ್ಕಡಿಯನ್ನು ಅಲುಗಿಸುತ್ತಾಳೆ ಎಂದಿರಿ. ಪ್ಲಿಮ್ಸಾಲ್ ತಕ್ಕಡಿ ಹಿಡಿದ ಕೈಯನ್ನೇ ಅಲುಗಿಸುತ್ತಾಳೆ.

ಹೊಸ ಓದುಗ

ಗುಳಿಗೆಯ ಮಾತು ಓದಿ ಇವತ್ತೇ ನೋಡಬೇಕೆನ್ನಿಸಿದೆ.

ಮಧ್ಯಾಹ್ನದ ಓದು

2016ರಲ್ಲಿ ಬಿಬಿಸಿ ಎರಡು ಕಂತುಗಳಲ್ಲಿ ಇದೇ ಕಥೆಯನ್ನು ಮಾಡಿತು. ಅದರಲ್ಲಿ ಪ್ಲಿಮ್ಸಾಲ್ ಇಲ್ಲ, ಸಾಲಿಸಿಟರ್ ಮೇಹ್ಯೂ ಕೇಂದ್ರದಲ್ಲಿದ್ದಾನೆ. ಟೋಬಿ ಜೋನ್ಸ್ ಆ ಪಾತ್ರದಲ್ಲಿ ಉದ್ದಕ್ಕೂ ಕೆಮ್ಮುತ್ತಲೇ ಇರುತ್ತಾರೆ. ದಾದಿಯನ್ನು ತೆಗೆದವರೂ ವಕೀಲನ ಮೈಯೊಳಗಿನ ನೋವನ್ನು ತೆಗೆಯಲಿಲ್ಲ ನೋಡಿ. ವೈಲ್ಡರ್ ಚಿತ್ರದಿಂದ ಅವರು ಕಲಿತ ಪಾಠ ಅದು.

ಲಂಡನ್ ಮಳೆ

ಅದು ವೈಲ್ಡರ್ ಚಿತ್ರದಿಂದ ಬಂದದ್ದಲ್ಲ. ಕ್ರಿಸ್ಟಿಯ ಮೂಲ ಕಥೆಯ ಮೊದಲ ವಾಕ್ಯದಲ್ಲೇ ಸಾಲಿಸಿಟರ್ ಕನ್ನಡಕ ಸರಿಪಡಿಸಿಕೊಂಡು ಒಣ ಕೆಮ್ಮು ಕೆಮ್ಮುತ್ತಾನೆ. ಅಲ್ಲಿ ಅವನ ಹೆಸರು ಮೇಹರ್ನ್.

ಮಧ್ಯಾಹ್ನದ ಓದು

ಹೌದು, ಈಗ ತೆಗೆದು ನೋಡಿದೆ. ನಿಮ್ಮ ಮಾತು ನಿಜ. ತಿದ್ದಿಕೊಂಡೆ.

ಹಳೆಯ ಟಾಕೀಸು

1982ರಲ್ಲಿ ದೂರದರ್ಶನಕ್ಕೆಂದು ಮಾಡಿದ ಮರುಚಿತ್ರದಲ್ಲಿ ಸರ್ ವಿಲ್ಫ್ರಿಡ್ ಆಗಿ ರಾಲ್ಫ್ ರಿಚರ್ಡ್‌ಸನ್, ಪ್ಲಿಮ್ಸಾಲ್ ಆಗಿ ಡೆಬೊರಾ ಕೆರ್. ಅಲ್ಲಿ ಆ ನಟರು ದಂಪತಿಯೂ ಅಲ್ಲ. ಗಂಡ ಹೆಂಡತಿಗೆ ಕೆಲಸ ಕೊಡಲು ಹುಟ್ಟಿಸಿದ ಪಾತ್ರವಾಗಿದ್ದರೆ ಇಪ್ಪತ್ತೈದು ವರ್ಷಗಳ ನಂತರ ಬೇರೆಯವರು ಅದನ್ನು ಏಕೆ ಉಳಿಸಿಕೊಳ್ಳುತ್ತಿದ್ದರು?

ಕೊನೆಯ ಸಾಲು

ದಂಪತಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅದು ಊಹೆಯಾಗಿತ್ತು, ಹೇಳಬಾರದಿತ್ತು.

ಬೆಳಗಾವಿ ಬಸ್ಸು

ಸ್ವಲ್ಪ ಬೇರೆ ಪ್ರಶ್ನೆ, ‘ಕರಿಕೋಟು’ ಸರ್. ಹೆಂಡತಿ ಗಂಡನ ವಿರುದ್ಧ ಸಾಕ್ಷಿ ಹೇಳಬಹುದೇ? ನಮ್ಮಲ್ಲಿ ಹೇಗೆ?

ಕರಿಕೋಟು

ನಮ್ಮಲ್ಲಿ ಗಂಡ ಅಥವಾ ಹೆಂಡತಿ ಸಾಕ್ಷಿ ಹೇಳಲು ಅಡ್ಡಿಯಿಲ್ಲ. ಆದರೆ ದಾಂಪತ್ಯದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಮಾತಿಗೆ 1872ರ ಸಾಕ್ಷ್ಯ ಅಧಿನಿಯಮದ 122ನೇ ಕಲಮಿನಲ್ಲಿ ರಕ್ಷಣೆ ಇತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾಯಿದೆಯಲ್ಲೂ ಆ ರಕ್ಷಣೆ ಉಳಿದಿದೆ. ಕಂಡದ್ದನ್ನು ಹೇಳಬಹುದು, ಗುಟ್ಟಾಗಿ ಕೇಳಿದ್ದನ್ನು ಸಾಮಾನ್ಯವಾಗಿ ಹೇಳುವಂತಿಲ್ಲ. ಗಂಡ ಹೆಂಡತಿಯ ನಡುವಿನದೇ ವ್ಯಾಜ್ಯವಾದರೆ ಬೇರೆ. ಚಿತ್ರದಲ್ಲಿ ಇದಕ್ಕೊಂದು ತೊಡಕು ಬರುತ್ತದೆ, ‘ಹೊಸ ಓದುಗ’ರು ಇಲ್ಲಿರುವುದರಿಂದ ಅಷ್ಟಕ್ಕೇ ನಿಲ್ಲಿಸುತ್ತೇನೆ.

ರಾತ್ರಿಪಾಳಿ

ಎಲ್ಲರ ಮಾತನ್ನೂ ಎರಡು ದಿನದಿಂದ ಓದುತ್ತಿದ್ದೇನೆ. ನಾನು ಹೃದ್ರೋಗದ ವಾರ್ಡಿನಲ್ಲಿ ಹದಿನಾಲ್ಕು ವರ್ಷಗಳಿಂದ ಶುಶ್ರೂಷಕಿ. ಮೊದಲಿಗೆ, ದಾದಿ ಎಂಬ ಪದ. ನಮ್ಮ ಕಡೆ ಮಗು ನೋಡಿಕೊಳ್ಳುವ ಆಯಾಗೂ ದಾದಿಯೆನ್ನುತ್ತಾರೆ. ಆಸ್ಪತ್ರೆಯಲ್ಲಿ ನಮ್ಮನ್ನು ಎಲ್ಲರೂ ಸಿಸ್ಟರ್ ಎಂದು ಕರೆಯುತ್ತಾರೆ, ನನಗೆ ಅದೇ ಇಷ್ಟ.

ಈ ಚಿತ್ರವನ್ನು ಮೊದಲು ನೋಡಿದಾಗ ನನಗೆ ಕೋಪ ಬಂದಿತ್ತು. ‘ಕೊನೆಯ ಸಾಲು’ ಅವರ ಕಾರಣಕ್ಕಲ್ಲ. ಸಿನಿಮಾಗಳಲ್ಲಿ ನಾವು ಎರಡೇ ಬಗೆ: ಬಿಳಿಯುಡುಗೆಯ ದೇವತೆ, ಇಲ್ಲವೇ ಗದರುವ ರಾಕ್ಷಸಿ. ಇಲ್ಲಿ ಎರಡನೆಯದನ್ನು ಹಾಕಿ ನಗಿಸುತ್ತಿದ್ದಾರೆ ಎಂದುಕೊಂಡೆ. ಕೊನೆಯ ನಿಮಿಷದವರೆಗೂ ಹಾಗೆಯೇ ಅಂದುಕೊಂಡಿದ್ದೆ.

ಕೊನೆಯಲ್ಲಿ ಅವಳು ಒಂದು ಮಾತು ಹೇಳುತ್ತಾಳೆ, ಕೋಕೋ ಎಂದು ಹೇಳಿ ಸರ್ ವಿಲ್ಫ್ರಿಡ್ ಗುಟ್ಟಾಗಿ ಬ್ರಾಂದಿ ಒಯ್ಯುತ್ತಿದ್ದ ಥರ್ಮಾಸಿನ ಬಗ್ಗೆ. ನೋಡಿದವರಿಗೆ ಗೊತ್ತು. ಅದನ್ನು ಕೇಳಿ ನಾನು ಎದ್ದು ಕುಳಿತೆ. ಅವಳಿಗೆ ಗೊತ್ತಿತ್ತು! ಗೊತ್ತಿದ್ದೂ ಬಿಟ್ಟಿದ್ದಳು. ನಮ್ಮ ಕೆಲಸದ ಒಳಗುಟ್ಟು ಅದೇ. ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ ದಿಂಬಿನ ಹೊದಿಕೆಯೊಳಗೆ ನಶ್ಯದ ಡಬ್ಬಿ ಇಟ್ಟುಕೊಂಡಿದ್ದರು. ಹೊದಿಕೆ ಬದಲಿಸುವವಳು ನಾನೇ, ನನಗೆ ತಿಳಿಯದೇ ಇರುತ್ತದೆಯೇ? ಮೊದಲ ದಿನ ತೆಗೆದಿಟ್ಟೆ. ಅವರು ಊಟ ಬಿಟ್ಟರು, ಮಾತು ಬಿಟ್ಟರು, ಗೋಡೆಗೆ ಮುಖ ಮಾಡಿ ಮಲಗಿದರು. ವೈದ್ಯರನ್ನು ಕೇಳಿ, ಮರುದಿನ ಅದನ್ನು ಇದ್ದಲ್ಲೇ ಇಟ್ಟೆ. ಅವರು ಒಂದು ಚಿಟಿಕೆ ಏರಿಸಿಕೊಂಡು ನನ್ನನ್ನು ಗೆದ್ದವರಂತೆ ನೋಡಿದರು, ಗಂಜಿ ಕುಡಿದರು. ಅವರು ನಡೆದುಕೊಂಡು ಮನೆಗೆ ಹೋದರು.

ಸರ್ ವಿಲ್ಫ್ರಿಡ್ ತಮ್ಮ ಕಚೇರಿಯಲ್ಲಿ ಎದುರು ಕುಳಿತವರ ಕಣ್ಣಿಗೆ ಒಂಟಿಗಾಜಿನಿಂದ ಬೆಳಕು ಹಾಯಿಸಿ ಸುಳ್ಳು ಹಿಡಿಯಲು ನೋಡುತ್ತಾರೆ. ಅದು ಎಲ್ಲಿ ಕೈಕೊಟ್ಟಿತೆಂದು ಹೇಳುವುದಿಲ್ಲ. ಆದರೆ ಆ ಇಡೀ ಚಿತ್ರದಲ್ಲಿ ಎದುರಿನವರ ಸುಳ್ಳನ್ನು ಮೊದಲಿನಿಂದ ಸರಿಯಾಗಿ ತಿಳಿದಿದ್ದವಳು ಒಬ್ಬಳೇ. ಅವಳು ಬೇಡವೆಂದರೆ ಹೇಗೆ ಒಪ್ಪಲಿ?

ಕತ್ತರಿ

ಸಿಸ್ಟರ್, ಈ ಚಿತ್ರದ ಬಗ್ಗೆ ಎಷ್ಟೋ ಓದಿದ್ದೇನೆ. ಇದನ್ನು ಯಾರೂ ಹೇಳಿದ್ದನ್ನು ನೋಡಿಲ್ಲ.

ಚೆಂಡೆಮದ್ದಳೆ

ಸಾಕ್ಷಿಕಟ್ಟೆಗೆ ಹತ್ತದ ಸಾಕ್ಷಿ. ಸಿಸ್ಟರ್‌ಗೆ ನಮಸ್ಕಾರ.

ಲಂಡನ್ ಮಳೆ

ಕೊನೆಯ ದೃಶ್ಯದಲ್ಲಿ ಇನ್ನೊಂದು ಸಂಗತಿ ಇದೆ. ಸರ್ ವಿಲ್ಫ್ರಿಡ್ ಮುಂದೇನು ಮಾಡಬೇಕೆಂಬ ತೀರ್ಮಾನ ಅವರ ಬಾಯಿಂದ ಬರುವುದಿಲ್ಲ. ಬರ್ಮುಡಾ ಪ್ರಯಾಣಕ್ಕೆ ಕಟ್ಟಿಟ್ಟ ಸಾಮಾನಿನ ಬಗ್ಗೆ ಪ್ಲಿಮ್ಸಾಲ್ ಅಪ್ಪಣೆ ಕೊಡುತ್ತಾಳೆ, ಅದರಿಂದ ನಮಗೆ ತಿಳಿಯುತ್ತದೆ. ಇಡೀ ಚಿತ್ರದುದ್ದಕ್ಕೂ ‘ಬೇಡ’ ಎಂದವಳ ಬಾಯಿಂದ ಬಂದ ಕಾರಣಕ್ಕೇ ಆ ಅಪ್ಪಣೆಗೆ ತೂಕ. ನಾಟಕದಲ್ಲಿ ತೆರೆ ಬಿದ್ದಾಗ ನಾನು ತಣ್ಣಗಾಗಿದ್ದೆ. ಚಿತ್ರ ಮುಗಿದಾಗ ಬೆಚ್ಚಗಿದ್ದೆ. ಒಗಟು ಎರಡರಲ್ಲೂ ಒಂದೇ.

ತುಂಗಾತೀರ

ಆ ಬೆಚ್ಚಗಿನ ಅಂತ್ಯ ನನಗೆ ತುಸು ಹೆಚ್ಚಾಯಿತು ಎನ್ನಿಸುತ್ತದೆ, ಹೇಳಿಬಿಡುತ್ತೇನೆ. ಅಷ್ಟು ದೊಡ್ಡ ಆಘಾತದ ಮೇಲೆ ಅಷ್ಟು ಬೇಗ ನಗಿಸಬಾರದಿತ್ತು. ಪ್ಲಿಮ್ಸಾಲ್ ನನಗೆ ಬೇಕು, ಆ ಕೊನೆಯ ಸಾಲು ಒಂದು ನಿಮಿಷ ತಡವಾಗಿ ಬಂದಿದ್ದರೆ ಚೆನ್ನಾಗಿತ್ತು.

ಹಳೆಯ ಟಾಕೀಸು

ಅದನ್ನು ನಾನೂ ಒಪ್ಪುತ್ತೇನೆ.

ಕತ್ತರಿ

ನಾನು ಒಪ್ಪುವುದಿಲ್ಲ. ತಡಮಾಡಿದರೆ ಜನ ಎದ್ದು ಚಪ್ಪಲಿ ಹುಡುಕಲು ಶುರುಮಾಡುತ್ತಾರೆ.

ಹೊಸ ಓದುಗ

ನೋಡಿದೆ! ರಾತ್ರಿ ಒಂದೂವರೆಗೆ ಮುಗಿಯಿತು. ಏನನ್ನೂ ಹೇಳುವುದಿಲ್ಲ. ಗುಳಿಗೆಗಳನ್ನು ಎಣಿಸಲು ಕುಳಿತು ಎರಡು ಪ್ರಶ್ನೆಗಳನ್ನು ತಪ್ಪಿಸಿಕೊಂಡೆ, ಮತ್ತೆ ಹಿಂದಕ್ಕೆ ಹೋಗಬೇಕಾಯಿತು.

ಕೊನೆಯ ಸಾಲು

ಭಾನುವಾರ ನಾಲ್ಕನೆಯ ಸಲ ನೋಡಿದೆ, ಈ ಬಾರಿ ಅಮ್ಮನ ಜೊತೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ನಾನು ಪಕ್ಕದಲ್ಲಿ ಕುಳಿತು ಹೇಳುತ್ತಿದ್ದೆ. ಪ್ಲಿಮ್ಸಾಲ್ ಬಗ್ಗೆ ಬೇಕೆಂದೇ ಏನೂ ಹೇಳಲಿಲ್ಲ.

ನ್ಯಾಯಾಲಯದಲ್ಲಿ ಥರ್ಮಾಸ್ ಮೊದಲ ಸಲ ಬಂದಾಗಲೇ ಅಮ್ಮ, ‘ಅವಳಿಗೆ ಗೊತ್ತಿದೆ’ ಎಂದರು. ಹೇಗೆ ಎಂದು ಕೇಳಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದಾಗ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದರಂತೆ. ಅಪ್ಪ ಏಣಿ ಹತ್ತಿ ಒಂದು ಚೂರು ತಿನ್ನುತ್ತಿದ್ದದ್ದು ಅಮ್ಮನಿಗೆ ಗೊತ್ತಿತ್ತಂತೆ. ವಾರಕ್ಕೊಮ್ಮೆ ಡಬ್ಬಿಯಲ್ಲಿ ತಾವೇ ಅಳತೆ ಮಾಡಿ ಇಡುತ್ತಿದ್ದರಂತೆ. ಇದನ್ನು ಅಪ್ಪ ಹೋದ ಒಂಬತ್ತು ವರ್ಷಗಳಲ್ಲಿ ನನಗೆ ಹೇಳಿರಲಿಲ್ಲ.

ನಾಟಕಕ್ಕೆ ಅವಳು ಬೇಡ ಎಂಬ ಮಾತಿಗೆ ನಾನು ಈಗಲೂ ಬದ್ಧ. ಚಿತ್ರದ ಬಗೆಗಿನ ವಾದವನ್ನು ಕೈಬಿಡುತ್ತೇನೆ.

ರಾತ್ರಿಪಾಳಿ

ನಿಮ್ಮ ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಎಷ್ಟು ಅಳತೆ ಇಡುತ್ತಿದ್ದರೆಂದು ಕೇಳಿದಿರಾ?

ಕೊನೆಯ ಸಾಲು

ಕೇಳಿದೆ. ಅಡಿಕೆಯಷ್ಟು, ಏಳು ಚೂರು.